ಹೆಗ್ಗದ್ದೆಯ ಹಾದಿಯಲ್ಲಿ ವಾಲ್ಟ್ಸ್

ಸಕಲೇಶಪುರವನ್ನು ಬಿಟ್ಟು ಮಂಗಳೂರಿನ ಕಡೆಗೆ ಹೊರಟ ಪ್ರವಾಸಿಗೆ ಮೊದಲು ಎದುರಾಗುವುದು ಮಂಜರಾಬಾದಿನ ಕೋಟೆ. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಗಳ ಈ ನಕ್ಷತ್ರದುರ್ಗವು ಮಂಜಿನ ತೆರೆಯಲ್ಲಿ ಒಮ್ಮೆ ಮೂಡಿ ಒಮ್ಮೆ ಮರೆಯಾಗುತ್ತದೆ. ಅದನ್ನು ಹಿಂದಿಕ್ಕಿ, ದೋಣಿಗಾಲನ್ನು ದಾಟಿ ಸಾಗಿದರೆ ಶಿರಾಡಿ ಘಾಟಿಯ ನೆತ್ತಿಯಲ್ಲಿ ಹೆಗ್ಗದ್ದೆ. ಹೆಬ್ಬಾಗಿಲು, ಹೆದ್ದಾರಿ, ಹೆಮ್ಮರಗಳ ಸಾಲಿಗೆ ಸೇರಿದ ಹೆಸರಿದು. ಹೆಗ್ಗದ್ದೆ ಎಂದರೆ ಹಿರಿಯ ಗದ್ದೆ.

ಈ ಸೀಮೆಯಲ್ಲಿ ಗದ್ದೆ ತಗ್ಗಿನದು, ಕಾಫಿ ದಿಬ್ಬದ್ದು. ಗದ್ದೆ ಹಳೆಯದು, ಕಾಫಿಯ ದೊಡ್ಡ ತೋಟ ಈಚಿನದು. 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತನು ಮಂಜರಾಬಾದಿನಲ್ಲಿ ತೋಟವನ್ನು ಆರಂಭಿಸಿದನು. 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ಟನು ಇಲ್ಲಿಯೇ ತೋಟ ಮಾಡಿ, ತನ್ನ ಅನುಭವಗಳನ್ನು 1871ರಲ್ಲಿಯೂ 1894ರಲ್ಲಿಯೂ ಪುಸ್ತಕಗಳಾಗಿ ಪ್ರಕಟಿಸಿದನು. ಅವರ ಬೆನ್ನಿಗೇ ಇನ್ನಷ್ಟು ದೊರೆಗಳು ಬಂದರು, ದೊರೆಸಾನಿಯರು ಬಂದರು. ಬಂಗಲೆಯಿಂದ ಬಂಗಲೆಗೆ ಹರಿದಾರಿಗಳ ದೂರ. ನಡುವೆ ಕಾಡು, ಹಳ್ಳ, ಜಿಗಣೆ. ತಿಂಗಳುಗಟ್ಟಲೆ ಹಿಡಿದ ಮಳೆಯಲ್ಲಿ ಮಾತಿಗೆ ತಮ್ಮವರೆಂಬ ಒಬ್ಬರೂ ಇಲ್ಲದ ಬಾಳು ಅದು. ಆ ಒಂಟಿತನವನ್ನು ಕಳೆಯಲೆಂದೇ ತೋಟಗಾರರ ಕ್ಲಬ್ಬುಗಳು ಹುಟ್ಟಿದವು. ಸಕಲೇಶಪುರದ ಮಂಜರಾಬಾದ್ ಕ್ಲಬ್ಬು ಅಂಥದೊಂದು ಹಳೆಯ ಸಂಸ್ಥೆ.

ಇಂಥ ಕ್ಲಬ್ಬುಗಳಲ್ಲಿ ಟೆನ್ನಿಸ್, ಇಸ್ಪೀಟುಗಳ ಜೊತೆಗೆ ನರ್ತನದ ರಾತ್ರಿಗಳೂ ಇರುತ್ತಿದ್ದುವು. ಅದರ ಹೆಸರೇ ಬಾಲ್ ರೂಮ್ ನೃತ್ಯ. ಇಲ್ಲಿನ ‘ಬಾಲ್’ ಚೆಂಡಲ್ಲ. ಕುಣಿ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಮಾತು. ಮರದ ಹಲಗೆಯ ನುಣುಪಾದ ನೆಲ, ಮೂಲೆಯಲ್ಲಿ ಪಿಯಾನೋ ಇಲ್ಲವೆ ಗ್ರಾಮಫೋನು, ಕೈಹಿಡಿದ ಜೋಡಿಗಳು. ಬಹುಕಾಲ ಈ ಬಾಗಿಲುಗಳು ಭಾರತೀಯರಿಗೆ ತೆರೆಯಲಿಲ್ಲ. ಒಳಗೆ ಹೋದವನು ತಟ್ಟೆ ಹಿಡಿದ ಬಟ್ಲರನು. ಹೊರಗೆ ನಿಂತವನು ಕುದುರೆ ಹಿಡಿದ ಆಳು. ಗಂಡುಹೆಣ್ಣುಗಳು ತೋಳಿನಲ್ಲಿ ತೋಳಿಟ್ಟು ಗಿರಗಿರನೆ ಸುತ್ತುವುದನ್ನು ಕಂಡು ಮಲೆನಾಡಿನ ಹಿರಿಯರು ಮೂಗಿನ ಮೇಲೆ ಬೆರಳಿಟ್ಟಿದ್ದರೆ ಆಶ್ಚರ್ಯವಿಲ್ಲ.

ಆದರೆ ಅವರಿಗಿಂತ ಮೊದಲು ಬೆರಳಿಟ್ಟವರು ಇಂಗ್ಲಿಷರೇ! ವಾಲ್ಟ್ಸಿಗೆ ಮುಂಚಿನ ಮಿನುಯೆಟ್ ನೃತ್ಯದಲ್ಲಿ ಜೋಡಿಯವರು ಬೆರಳ ತುದಿ ತಾಗಿಸಿ, ತಲೆಬಾಗಿ, ದೂರ ಸರಿಯುತ್ತಿದ್ದರು. ವಾಲ್ಟ್ಸಿನಲ್ಲಾದರೋ ಗಂಡಿನ ಕೈ ಹೆಣ್ಣಿನ ಬೆನ್ನನ್ನು ಬಳಸಿತು. 1813ರಲ್ಲಿ ಕವಿ ಬೈರನ್ನನು ಇದನ್ನು ಹಾಸ್ಯಮಾಡಿ ಒಂದು ಕವನವನ್ನೇ ಪ್ರಕಟಿಸಿದನು. 1816ರಲ್ಲಿ ರಾಜಪ್ರತಿನಿಧಿಯ ಔತಣದಲ್ಲಿ ವಾಲ್ಟ್ಸ್ ನಡೆದುದಕ್ಕೆ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಕೆಂಡ ಕಾರಿತು.

ಈ ಸಿಟ್ಟಿಗೆ ಕಾರಣ ಅಪ್ಪುಗೆಯೊಂದೇ ಅಲ್ಲ, ಕುಲವೂ ಹೌದು. ವಾಲ್ಟ್ಸ್ ಅರಮನೆಯಲ್ಲಿ ಹುಟ್ಟಿದ್ದಲ್ಲ. ಆಸ್ಟ್ರಿಯಾ ಮತ್ತು ಬವೇರಿಯಾದ ಗುಡ್ಡಗಾಡಿನ ರೈತರು ಕುಣಿಯುತ್ತಿದ್ದ ‘ಲೆಂಡ್ಲರ್’ ಮೊದಲಾದ ಸುತ್ತುಕುಣಿತಗಳು ಅದರ ತವರು. ‘ವಾಲ್ಟ್ಸೆನ್’ ಎಂದರೆ ಜರ್ಮನ್ ಭಾಷೆಯಲ್ಲಿ ಉರುಳು, ಸುತ್ತು. ದಪ್ಪ ಬೂಟಿನ ರೈತ ನೆಲವನ್ನು ಮೆಟ್ಟಿ ಕುಪ್ಪಳಿಸುತ್ತಿದ್ದನು. ನಗರದ ನುಣುಪು ನೆಲಕ್ಕೆ ಬಂದೊಡನೆ ಕುಪ್ಪಳಿಕೆ ಜಾರುನಡೆಯಾಯಿತು. 1814-15ರ ವಿಯೆನ್ನಾ ಸಮ್ಮೇಳನದಲ್ಲಿ ಹಗಲು ರಾಜ್ಯಗಳ ಗಡಿಗಳನ್ನು ಚರ್ಚಿಸಿದ ಯೂರೋಪಿನ ಅರಸುಕುಲವು ರಾತ್ರಿ ಈ ರೈತರ ಕುಣಿತವನ್ನು ಕುಣಿಯಿತು. ಮುಂದೆ ಲಾನರ್, ತಂದೆ ಸ್ಟ್ರೌಸ್ ಮತ್ತು ಮಗ ಸ್ಟ್ರೌಸರು ಇದಕ್ಕೆ ಸಂಗೀತದ ಸಿಂಗಾರವನ್ನಿತ್ತರು. ಮಗ ಸ್ಟ್ರೌಸನ ‘ನೀಲಿ ಡ್ಯಾನ್ಯೂಬ್’ 1867ರದು.

ವಾಲ್ಟ್ಸಿನ ಜೀವಾಳ ಮೂರು. ಒಂದು-ಎರಡು-ಮೂರು, ಒಂದರ ಮೇಲೆ ಪೆಟ್ಟು. ‘ತಕಿಟ, ತಕಿಟ’ ಎಂದು ಹೇಳಿಕೊಂಡರೆ ಕನ್ನಡಿಗನಿಗೆ ಸುಲಭವಾದೀತು. ಉತ್ಸಾಹ ರಗಳೆಯ ಗಣವೂ ಮೂರು ಮಾತ್ರೆಯದೇ ಅಲ್ಲವೆ? ಕಲಿಯುವವನು ಮೊದಲು ನೆಲದ ಮೇಲೆ ಒಂದು ಚೌಕವನ್ನು ಊಹಿಸಿಕೊಳ್ಳಬೇಕು. ಗಂಡು ಎಡಗಾಲನ್ನು ಮುಂದಿಡುತ್ತಾನೆ, ಬಲಗಾಲನ್ನು ಪಕ್ಕಕ್ಕೆ ಇಡುತ್ತಾನೆ, ಎಡಗಾಲನ್ನು ತಂದು ಕೂಡಿಸುತ್ತಾನೆ. ಮತ್ತೆ ಬಲಗಾಲು ಹಿಂದೆ, ಎಡಗಾಲು ಪಕ್ಕಕ್ಕೆ, ಬಲಗಾಲು ಕೂಡಿಕೆ. ಹೆಣ್ಣಿನ ಹೆಜ್ಜೆ ಇದರ ಕನ್ನಡಿಬಿಂಬ. ಅವನು ಮುಂದಿಟ್ಟಾಗ ಅವಳು ಬಲಗಾಲನ್ನು ಹಿಂದಿಡುತ್ತಾಳೆ. ಎರಡನೆಯ, ಮೂರನೆಯ ಎಣಿಕೆಗೆ ಮೈ ಅಂಗಾಲಿನ ಮುಂಭಾಗದ ಮೇಲೆ ಮೆಲ್ಲನೆ ಏರಿ, ಕೊನೆಗೆ ಇಳಿಯುತ್ತದೆ. ಮೂರು ಹೆಜ್ಜೆಗೊಮ್ಮೆ ಕಾಲುಸುತ್ತು ತಿರುಗಿದರೆ ನಾಲ್ಕು ಆವರ್ತಗಳಲ್ಲಿ ಒಂದು ಪೂರ್ಣ ಸುತ್ತು. ಗಂಡು ಎಳೆಯಬಾರದು, ಹೆಣ್ಣು ಜೋತುಬೀಳಬಾರದು. ಮೈಯ ಸುಳಿವಿನಿಂದಲೇ ಒಬ್ಬರನ್ನೊಬ್ಬರು ಅರಿಯಬೇಕು. ಜೋಡಿಗಳೆಲ್ಲವೂ ಕೋಣೆಯನ್ನು ಬಳಸುವುದು ಗಡಿಯಾರದ ಮುಳ್ಳಿಗೆ ಎದುರಾಗಿ, ಎಂದರೆ ನಮ್ಮ ಗುಡಿಯ ಪ್ರದಕ್ಷಿಣೆಗೆ ವಿರುದ್ಧವಾಗಿ. ವಿಯೆನ್ನಾದ ವೇಗದ ವಾಲ್ಟ್ಸಿನಲ್ಲಿ ನಿಮಿಷಕ್ಕೆ ಸುಮಾರು 60 ಆವರ್ತ. ಇಂಗ್ಲೆಂಡಿನಲ್ಲಿ ರೂಪುಗೊಂಡ ನಿಧಾನದ ವಾಲ್ಟ್ಸಿನಲ್ಲಿ ಅದರರ್ಧ. 1904ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ನೃತ್ಯಶಿಕ್ಷಕರ ಸಂಘವು 1924ರಲ್ಲಿ ಬಾಲ್ ರೂಮ್ ಶಾಖೆಯನ್ನು ತೆರೆದು ಈ ಹೆಜ್ಜೆಗಳಿಗೆ ವ್ಯಾಕರಣವನ್ನು ಕಟ್ಟಿತು.

ಇಷ್ಟನ್ನು ತಿಳಿದು ಮತ್ತೆ ಮಲೆನಾಡಿಗೆ ಬಂದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ದಿಬ್ಬದ ದೊರೆಗಳು ನಾಗರಿಕತೆಯ ಗುರುತೆಂದು ಕುಣಿಯುತ್ತಿದ್ದುದು ರೈತನ ಕುಣಿತ. ಅದೇ ಹೊತ್ತಿಗೆ ಕೆಳಗಿನ ಹಳ್ಳಿಗಳಲ್ಲಿ ನಡೆಯುತ್ತಿದ್ದುದೂ ರೈತನ ಕುಣಿತವೇ. ಭತ್ತ ಮನೆಗೆ ಬಂದ ಮೇಲೆ, ಬೇಸಗೆಯಲ್ಲಿ, ಸಕಲೇಶಪುರ ಸೀಮೆಯ ಊರುಗಳು ದೇವರ ಹೆಸರಿನಲ್ಲಿ ಸುಗ್ಗಿಯನ್ನು ಆಚರಿಸುತ್ತವೆ. ಸುಗ್ಗಿಯ ದಿನಗಳಲ್ಲಿ ಹಸಿಮರ ಕಡಿಯಬಾರದೆಂಬ ಕಟ್ಟಳೆ ಕೆಲವು ಊರುಗಳಲ್ಲುಂಟು. ವಾದ್ಯದ ಪೆಟ್ಟಿಗೆ ಊರಿನವರು ಗುಂಪುಗೂಡಿ ಸುತ್ತುಹಾಕಿ ಕುಣಿಯುತ್ತಾರೆ. ಅಲ್ಲಿ ಜೋಡಿಯಿಲ್ಲ, ಊರೇ ಜೋಡಿ. ಒಂದು ಕುಣಿತ ಗೌರವದ್ದು, ಇನ್ನೊಂದು ಹಳ್ಳಿಗಾಡಿನದೆಂದು ಎಣಿಸಿದವರು ಆಲ್ಪ್ಸಿನ ರೈತನನ್ನೂ ಮರೆತರು, ಹೆಗ್ಗದ್ದೆಯಂಥ ಊರುಗಳ ರೈತನನ್ನೂ ಅರಿಯದೆ ಹೋದರು. ಕುಣಿತಕ್ಕೆ ಮೇಲುಕೀಳನ್ನು ಕೊಡುವುದು ಕಾಲಲ್ಲ, ಕಾಲ ಕೆಳಗಿನ ನೆಲದ ಒಡೆತನ.

1947ರ ತರುವಾಯ ದೊರೆಗಳು ಒಬ್ಬೊಬ್ಬರಾಗಿ ತೋಟಗಳನ್ನು ಮಾರಿ ತೆರಳಿದರು. ತೋಟಗಳೂ ಕ್ಲಬ್ಬುಗಳೂ ಈ ನಾಡಿನವರ ಕೈಸೇರಿದುವು. ಆದರೆ ತಗ್ಗಿನ ಗದ್ದೆಗಳ ಗತಿ ಸುಖದ್ದಲ್ಲ. ಆಳು ಸಿಗದೆ, ಕಾಡಾನೆಯ ಕಾಟ ತಾಳಲಾರದೆ ಸಕಲೇಶಪುರ, ಆಲೂರುಗಳ ಮಲೆಯಲ್ಲಿ ಎಷ್ಟೋ ಗದ್ದೆಗಳು ಪಾಳುಬಿದ್ದಿವೆ. ಯೂರೋಪಿನ ರೈತನ ಕುಣಿತ ಹೊಲವನ್ನು ಬಿಟ್ಟು ಅರಮನೆಗೇರಿ ಬದುಕಿಕೊಂಡಿತು. ಸುಗ್ಗಿಗೆ ಅಂಥ ಅರಮನೆಯಿಲ್ಲ. ಅದಕ್ಕೆ ಗದ್ದೆಯೇ ಬೇಕು, ಗದ್ದೆಗಿಳಿಯುವ ಜನ ಬೇಕು. ಹೆಗ್ಗದ್ದೆಯನ್ನು ದಾಟಿ ಘಾಟಿ ಇಳಿಯುವ ಪ್ರವಾಸಿ ಊರ ಹೆಸರಿನ ಅರ್ಥವನ್ನು ಒಂದು ಗಳಿಗೆ ನೆನೆದರೆ, ಈ ಮಾತಿನ ತೂಕ ಅವನಿಗೆ ತಾನಾಗಿ ತಿಳಿದೀತು.