ಮತಗಟ್ಟೆಯ ಲೆಕ್ಕ ಓದುವವರಾರು?

ಇಳಕಲ್ಲಿನ ನೇಕಾರರ ಓಣಿಯಾಗಲಿ, ಬಾದಾಮಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಾಗಲಿ, ಚುನಾವಣೆಯ ಮಾತು ಬಂದರೆ ಜಾತಿಯ ಲೆಕ್ಕ ಮೊದಲು ಬರುತ್ತದೆ. ಇಂಥವರ ಮತ ಇಷ್ಟು ಸಾವಿರ, ಅಂಥವರದು ಅಷ್ಟು ಸಾವಿರ ಎಂದು ಬೆರಳು ಮಡಚಿ ಹೇಳುವವರಿಗೆ ಬರವಿಲ್ಲ. ಆ ಅಂಕಿ ಎಲ್ಲಿಂದ ಬಂತೆಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಎಣಿಸಿದ ಅಂಕಿ ಬೇರೆಯೇ ಇದೆ. ಅದನ್ನು ಕೇಳುವವರು ಕಡಿಮೆ.

ಮತದಾನ ಮುಗಿದ ಸಂಜೆ ಮತಗಟ್ಟೆಯ ಅಧಿಕಾರಿ ಎಷ್ಟು ಮತ ದಾಖಲಾದವೆಂದು ನಮೂನೆ 17ಸಿಯಲ್ಲಿ ಬರೆದು ಅಭ್ಯರ್ಥಿಗಳ ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಎಣಿಕೆಯಾದ ಮೇಲೆ ನಮೂನೆ 20 ಸಿದ್ಧವಾಗುತ್ತದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಅದನ್ನು ಯಾರಾದರೂ ನೋಡಬಹುದು, ಬಿಡಿಗಾಸು ಖರ್ಚಿಲ್ಲ. ಆದರೆ ಅದನ್ನು ಅಕ್ಷರ ಬಿಡದೆ ಓದುವವರು ಪಕ್ಷದ ಕಚೇರಿಯವರು ಮತ್ತು ಹಣ ಪಡೆದು ಸಮೀಕ್ಷೆ ಮಾಡುವವರು. ಮತ ಹಾಕಿದವನಿಗೆ ತನ್ನ ಓಣಿಯ ಫಲಿತಾಂಶವೇ ಗೊತ್ತಿರುವುದಿಲ್ಲ!

ಬಾದಾಮಿಯ 2018ರ ಚುನಾವಣೆಯನ್ನೇ ನೋಡಿ. ಮೈಸೂರಿನ ಕಡೆಯಿಂದ ಸಿದ್ದರಾಮಯ್ಯ ಬಂದರು, ಬಳ್ಳಾರಿಯ ಕಡೆಯಿಂದ ಶ್ರೀರಾಮುಲು ಬಂದರು. ಗೆಲುವಿನ ಅಂತರ 1,696 ಮತ. 849 ಮಂದಿ ಆ ಕಡೆಯಿಂದ ಈ ಕಡೆಗೆ ವಾಲಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ಒಂದು ದೊಡ್ಡ ಮತಗಟ್ಟೆಯಲ್ಲಿ ಬೀಳುವ ಮತಗಳು ಅಷ್ಟೇ. ಇಂಥ ಕಡೆ ಒಂದೊಂದು ಓಣಿಗೂ ಬೆಲೆ ಬರುತ್ತದೆ. ಆ ಬೆಲೆ ಕಟ್ಟುವವನು ಯಾರು? 'ಈ ಊರಿನ ಮತ ನನ್ನ ಕಿಸೇದಾಗ ಅದಾವ' ಎಂದು ಪಕ್ಷದವರ ಮುಂದೆ ಎದೆ ಬಡಿದುಕೊಳ್ಳುವ ಮಧ್ಯವರ್ತಿ. ಮೂರು ಚುನಾವಣೆಗಳ ನಮೂನೆ 20 ಪಂಚಾಯಿತಿ ಗ್ರಂಥಾಲಯದ ಗೋಡೆಯ ಮೇಲಿದ್ದರೆ ಅವನ ಕಿಸೆ ಎಷ್ಟು ಆಳವೆಂದು ಊರಿಗೆಲ್ಲ ತಿಳಿಯುತ್ತದೆ. ಬೆಂಗಳೂರು, ದಿಲ್ಲಿಗಳಲ್ಲಿ ಟಿಕೆಟು ನಿರ್ಧರಿಸುವವರ ಮುಂದೆ ಸಾಮಾನ್ಯ ಕಾರ್ಯಕರ್ತನೂ ಅದೇ ಕಾಗದ ಹಿಡಿದು ಮಾತಾಡಬಹುದು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಮತ ಕೊಡದ ಓಣಿ ಯಾವುದೆಂದು ಗೆದ್ದವನಿಗೂ ತಿಳಿಯುತ್ತದೆ. ಕುಡಿಯುವ ನೀರಿನ ಪೈಪು ಅಲ್ಲಿಗೆ ಬರದೆ ನಿಲ್ಲಬಹುದು. ಈ ಭಯ ಸುಳ್ಳಲ್ಲ. ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಮತಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಯಂತ್ರ ಬಂದ ಮೇಲೆ ಅದು ತಪ್ಪಿತು. ಹದಿನಾಲ್ಕು ಮತಗಟ್ಟೆಗಳ ಮತಗಳನ್ನು ಒಟ್ಟುಗೂಡಿಸುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತು, 2015ರಲ್ಲಿ ಕಾನೂನು ಆಯೋಗ ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಟೋಟಲೈಸರ್ ಬರುವುದಾದರೆ ಬರಲಿ. ಅಲ್ಲಿಯವರೆಗೆ ಗೆದ್ದವನ ಕೈಯಲ್ಲಿ ಹೇಗೂ ಇರುವ ಪಟ್ಟಿ ಮತದಾರನ ಕೈಯಲ್ಲೂ ಇರುವುದು ಲೇಸು. ನೀರು ಯಾಕೆ ನಿಂತಿತೆಂದು ಕೇಳುವಾಗ ಅದೇ ಸಾಕ್ಷಿ.

ಓದುವಾಗ ತುಸು ಎಚ್ಚರ ಬೇಕು. 2008ರಲ್ಲಿ ಗುಳೇದಗುಡ್ಡ ಕ್ಷೇತ್ರವೇ ಇಲ್ಲವಾಗಿ ಪಟ್ಟಣ ಬಾದಾಮಿಗೆ ಸೇರಿತು. ಆಲಮಟ್ಟಿಯ ಹಿನ್ನೀರಿನಿಂದ ಬಾಗಲಕೋಟೆಯ ಎಷ್ಟೋ ಮನೆಗಳು ನವನಗರಕ್ಕೆ ಎದ್ದುಹೋದವು. ಹೀಗಾಗಿ ಹಳೆಯ ಅಂಕಿಯನ್ನು ಹೊಸದರ ಪಕ್ಕಕ್ಕೆ ಇಡುವಾಗ ಮತಗಟ್ಟೆಯ ಸಂಖ್ಯೆಯನ್ನಲ್ಲ, ಅಲ್ಲಿ ಮತ ಹಾಕುವ ಓಣಿಗಳನ್ನು ನೋಡಬೇಕು. ಹುನಗುಂದದ ಯಾವುದೋ ಹಳ್ಳಿಯಲ್ಲಿ ಮತದಾನ ಕಡಿಮೆಯಾದರೆ ಜನ ಸೋಮಾರಿಗಳೆಂದು ತಕ್ಷಣ ತೀರ್ಮಾನಿಸುವಂತಿಲ್ಲ. ಅವರಲ್ಲಿ ಎಷ್ಟು ಮಂದಿ ಅಂದು ಮಂಗಳೂರಿನಲ್ಲೋ ಗೋವೆಯಲ್ಲೋ ಗಾರೆ ಕಲಸುತ್ತಿದ್ದರು ಎಂಬುದು ನಮೂನೆ 20ರ ಯಾವ ಕಾಲಮಿನಲ್ಲೂ ಇಲ್ಲ. ಅದನ್ನು ಊರವರೇ ಬರೆದು ಸೇರಿಸಬೇಕು.