ನಾಳೆಯ ಚೀಟಿ

ಲೊಕ್ಕನಹಳ್ಳಿ ಸುತ್ತಮುತ್ತ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಗೋಡೆಯ ಮೇಲಿನ ಕ್ಯಾಲೆಂಡರನ್ನು. ಬಟ್ಟೆ ಅಂಗಡಿಯವರೋ ಗೊಬ್ಬರದ ಅಂಗಡಿಯವರೋ ಹಂಚಿದ್ದು. ಮೇಲೆ ಹುಲಿ ಏರಿ ಕೂತ ಮಾದಪ್ಪ, ಕೆಳಗೆ ತಾರೀಖಿನ ಚೌಕಗಳು, ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಒಂದು ಪೆನ್ನು. ಚೌಕಗಳ ಒಳಗೆ ಸಣ್ಣ ಅಕ್ಷರದಲ್ಲಿ ಮನೆಯ ಸಂಸಾರವೆಲ್ಲ ಇರುತ್ತದೆ: ಗ್ಯಾಸ್ ಬಂತು, ಸಂಘದ ಕಂತು, ಮೊಮ್ಮಗುವಿಗೆ ಸೂಜಿ, ಡೈರಿ ಬಟವಾಡೆ, ಕೆಂದಹಸುವಿಗೆ ಇಂಜೆಕ್ಷನ್.

ಆ ಕೊನೆಯದನ್ನು ಸ್ವಲ್ಪ ನಿಂತು ಓದಬೇಕು. ಇಂಜೆಕ್ಷನ್ ಎಂದರೆ ಇಲ್ಲಿ ಕೃತಕ ಗರ್ಭಧಾರಣೆ. ಅದನ್ನು ಮಾಡಿಸಿದ ಚೌಕದಿಂದ 21 ದಿನ ಎಣಿಸಿ ಇನ್ನೊಂದು ಚೌಕಕ್ಕೆ ಸುತ್ತು ಹಾಕಿರುತ್ತಾರೆ. ಅಷ್ಟರಲ್ಲಿ ಹಸು ಮತ್ತೆ ಬೆದೆಗೆ ಬರಲಿಲ್ಲವೆಂದರೆ ಗಬ್ಬ ನಿಂತಿರಬಹುದೆಂದು ಲೆಕ್ಕ. ಇಂಜೆಕ್ಷನ್ ದಿನದಿಂದ ಒಂಬತ್ತು ತಿಂಗಳು ಮೇಲೆ ಕೆಲವು ದಿನಕ್ಕೆ ಕರು. ಅದಕ್ಕೆ ಎರಡು ತಿಂಗಳು ಮೊದಲೇ ಹಾಲು ಬತ್ತಿಸಬೇಕು. ಈ ಲೆಕ್ಕ ಒಂದು ವರ್ಷದ ಕ್ಯಾಲೆಂಡರಿನಲ್ಲಿ ಮುಗಿಯುವುದಿಲ್ಲ. ಅದಕ್ಕೇ ಹೊಸ ಕ್ಯಾಲೆಂಡರ್ ಬಂದ ದಿನ ಹಳೆಯದರಲ್ಲಿ ಬಾಕಿ ಉಳಿದ ತಾರೀಖುಗಳನ್ನೆಲ್ಲ ಮನೆಯ ಹೆಣ್ಣುಮಗಳು ಹೊಸದಕ್ಕೆ ಇಳಿಸುತ್ತಾಳೆ. ಅದೇ ಮನೆಯಲ್ಲಿ ಮೂರು ಮೊಬೈಲುಗಳಿರುತ್ತವೆ, ಮೂರರಲ್ಲೂ ಕ್ಯಾಲೆಂಡರ್ ಇರುತ್ತದೆ. ಆದರೆ ಮಗನ ಫೋನು ಮಗನ ಜೊತೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ಗೋಡೆ ಎಲ್ಲಿಗೂ ಹೋಗುವುದಿಲ್ಲ. ಹಸುವಿನ ಹತ್ತಿರ ಇರುವವರ ಕಣ್ಣಿಗೆ ಬೀಳುವ ಜಾಗದಲ್ಲಿ ಹಸುವಿನ ತಾರೀಖು ಇರಬೇಕಲ್ಲ!

ನನ್ನದು ಗೋಡೆಯಲ್ಲ, ಚೀಟಿ. ಮದುವೆ ಕಾಲದಲ್ಲಿ ಬಂದು ಬೀಳುವ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ದಪ್ಪ ಕಾಗದ, ಜೇಬಿನಲ್ಲಿ ಮುದುರುವುದಿಲ್ಲ, ಬೆವರಿಗೆ ಹರಿಯುವುದಿಲ್ಲ. ರಾತ್ರಿ ಊಟವಾದ ಮೇಲೆ ಅದರ ಮೇಲೆ ನಾಳೆಯ ಕೆಲಸಗಳನ್ನು ಬರೆಯುತ್ತೇನೆ. ರಾಗಿಗೆ ಎಡೆಕುಂಟೆ ಹೊಡೆಸುವುದು. ಮೋಟಾರಿನ ಸ್ಟಾರ್ಟರ್ ತೋರಿಸುವುದು. ಹನೂರಿಗೆ ಹೋದರೆ ಪಹಣಿ. ಲೇಖನದ ಎರಡನೇ ಭಾಗ. ಚಿಕ್ಕಮ್ಮನಿಗೆ ಫೋನು. ಆರು ಸಾಲು, ಹೆಚ್ಚೆಂದರೆ ಏಳು. ಅದಕ್ಕಿಂತ ಹೆಚ್ಚಿಗೆ ಚೀಟಿಯಲ್ಲಿ ಜಾಗವಿಲ್ಲ, ಮನುಷ್ಯನ ಒಂದು ದಿನದಲ್ಲೂ ಇಲ್ಲ.

ಆ ಇಕ್ಕಟ್ಟೇ ಚೀಟಿಯ ಗುಣ. ಫೋನಿನ ಪಟ್ಟಿಗೆ ತಳ ಎಂಬುದಿಲ್ಲ. ಮನಸ್ಸಿಗೆ ಬಂದದ್ದನ್ನೆಲ್ಲ ಅದರೊಳಗೆ ಹಾಕುತ್ತ ಹೋಗಬಹುದು. ಹೋದ ವರ್ಷದ ಯುಗಾದಿಗೆ ಮಾಡಬೇಕೆಂದುಕೊಂಡ ಕೆಲಸವೂ ಇವತ್ತಿನ ಕೆಲಸವೂ ಒಂದೇ ಅಚ್ಚಿನ ಅಕ್ಷರದಲ್ಲಿ, ಒಂದೇ ಗಾತ್ರದಲ್ಲಿ ಅಲ್ಲಿ ಕೂತಿರುತ್ತವೆ. ಚೀಟಿಗೆ ಬರೆಯುವಾಗ ಹಾಗಲ್ಲ. ಐದನೇ ಸಾಲಿಗೆ ಬಂದಾಗ ಕೈ ನಿಲ್ಲುತ್ತದೆ. ಇನ್ನು ಎರಡೇ ಸಾಲು ಉಳಿದಿವೆ, ಯಾವುದಕ್ಕೆ ಕೊಡಲಿ? ಬೇಲಿ ನಾಳೆಯೇ ಆಗಬೇಕೇ, ನಾಡಿದ್ದಾದರೆ ನಡೆಯುತ್ತದೆಯೇ? ಆನೆ ಇಳಿಯುವ ಕಾಲ, ಜೋಳ ತೆನೆಯಾಗಿದೆ, ನಾಳೆಯೇ ಆಗಬೇಕು. ಹೀಗೆ ಯೋಚಿಸಿ ಬರೆದ ಸಾಲು ಬರೆದು ಮುಗಿಸುವಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಬರೆದಿಡುವುದು ಮರೆಯದಿರಲಿಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಕಂಡಂತೆ ಅದು ಆಯ್ದುಕೊಳ್ಳಲಿಕ್ಕೆ.

ಇದರಿಂದ ನಿದ್ದೆಯೂ ಚೆನ್ನಾಗಿ ಬರುತ್ತದೆ ಎಂಬುದು ನನ್ನ ಅನುಭವ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆಗೇ ಒಡ್ಡಿದ್ದಾರೆ. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 57 ಮಂದಿ ತರುಣ ತರುಣಿಯರಿದ್ದರು. ಮಲಗುವ ಮುನ್ನ ಐದು ನಿಮಿಷ ಕೆಲವರು ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು, ಉಳಿದವರು ಈಗಾಗಲೇ ಮಾಡಿ ಮುಗಿಸಿದ್ದನ್ನು ಬರೆದರು. ಮಾಡಬೇಕಾದದ್ದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ಬಿಡಿಬಿಡಿಯಾಗಿ, ವಿವರವಾಗಿ ಬರೆದಷ್ಟೂ ನಿದ್ದೆ ಬೇಗ ಬಂತು. ತಲೆಯೊಳಗೆ ಸುತ್ತುತ್ತಿದ್ದ ಕೆಲಸ ಕಾಗದದ ಮೇಲೆ ಇಳಿದು ಕೂತರೆ ತಲೆ ಅದನ್ನು ಹೊತ್ತು ಕಾಯಬೇಕಾಗಿಲ್ಲ. ಅದೇ ಪಟ್ಟಿಯನ್ನು ಫೋನಿನಲ್ಲಿ ಮಾಡಲು ಹೋದರೆ ವಾಟ್ಸ್ಯಾಪಿನ ನಾಲ್ಕು ಮೆಸೇಜುಗಳು ದಾರಿಯಲ್ಲೇ ಕೈ ಹಿಡಿಯುತ್ತವೆ, ನಿದ್ದೆ ಅಲ್ಲಿಗೆ ಹೋಯಿತು.

ನಮ್ಮ ಹನೂರು, ಕೊಳ್ಳೇಗಾಲದ ಸೀಮೆ ಹಿಂದಿನಿಂದಲೂ ರೇಷ್ಮೆಗೆ ಹೆಸರಾದದ್ದು. ಕೈಬರಹದ ಯೋಜನೆ ಎಂದರೆ ಏನೆಂದು ನೋಡಬೇಕಾದವರು ಒಂದು ಹುಳು ಸಾಕುವ ಮನೆಯ ಬಾಗಿಲನ್ನು ನೋಡಬೇಕು. ನನ್ನ ದೊಡ್ಡಮ್ಮನ ಮನೆಯಲ್ಲಿ ಆ ಬಾಗಿಲಿಗೆ ಕಪ್ಪು ಬಣ್ಣ ಬಳಿದಿದ್ದಾರೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಹೀಗಿರುತ್ತದೆ: 28, ಚಾಕಿ ಬಂತು. 31, ಮೂರನೇ ಜ್ವರ. 1, ಎದ್ದವು. 5, ನಾಲ್ಕನೇ ಜ್ವರ. ಅದರ ಕೆಳಗಿನದು ಇನ್ನೂ ಆಗದೆ ಇರುವುದು: 7, ಸೊಪ್ಪಿಗೆ ಇಬ್ಬರು ಆಳು. 14, ಚಂದ್ರಿಕೆ. 20, ಗೂಡು ಬಿಡಿಸುವುದು.

ಚಾಕಿ ಎಂದರೆ ಎಳೆಯ ಹುಳು, ಚಂದ್ರಿಕೆ ಎಂದರೆ ಗೂಡು ಕಟ್ಟಲು ಹುಳು ಬಿಡುವ ತಟ್ಟಿ. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನೇ ರೈತರು ಜ್ವರ ಎನ್ನುವುದು. ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಬೇಕು. ಹೆಚ್ಚುಕಡಿಮೆ ಎಲ್ಲವೂ ಎದ್ದ ಮೇಲೆಯೇ ಮೇವು. ನಾಲ್ಕನೇ ಜ್ವರ ಎದ್ದ ಮೇಲೆ ಹಣ್ಣಾಗುವ ತನಕ ಒಂದು ವಾರ ಒಂದೇ ಸಮನೆ ಮೇಯುತ್ತವೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟು ಆ ಒಂದು ವಾರದಲ್ಲೇ ಖರ್ಚು. ಆಳು ಸಿಗದಿದ್ದರೆ, ಸೊಪ್ಪು ಎಳಸಾಗಿದ್ದರೆ, ಬೆಳೆ ಕೈಬಿಡುವುದೂ ಆ ವಾರದಲ್ಲೇ. ಆದ್ದರಿಂದ ದೊಡ್ಡಮ್ಮ ಬಾಗಿಲನ್ನು ಮೇಲಿನಿಂದ ಕೆಳಕ್ಕೆ ಓದುವುದಿಲ್ಲ. ಕೆಳಗಿನ ಸಾಲಿನಿಂದ ಮೇಲಕ್ಕೆ ಎಣಿಸಿಕೊಂಡು ಬರುತ್ತಾಳೆ. ಗೂಡು ಬಿಡಿಸುವ ದಿನ ಗೊತ್ತಾದರೆ ಚಂದ್ರಿಕೆ ತೊಳೆದು ಒಣಗಿಸುವ ದಿನ ಗೊತ್ತಾಗುತ್ತದೆ, ಆಳಿಗೆ ಹೇಳಿ ಕಳಿಸುವ ದಿನ ಗೊತ್ತಾಗುತ್ತದೆ, ಮುಂದಿನ ಬೆಳೆಗೆ ಯಾವ ಪಟ್ಟೆಯ ಕಡ್ಡಿಯನ್ನು ಯಾವಾಗ ಕಡಿಯಬೇಕೆಂಬುದೂ ಗೊತ್ತಾಗುತ್ತದೆ.

ಒಮ್ಮೆ ಆ ಬಾಗಿಲಿನ ಫೋಟೊ ತೆಗೆಯಲು ಹೋದಾಗ ಅವಳು ತಡೆದಳು. ‘ತೆಗೀವಂತೆ ಕನಪ್ಪ, ಫೋನ ಮಾತ್ರ ಒಳಕ್ಕ ತರ್ಬೇಡ. ಹುಳ ಜ್ವರದಲ್ಲವ. ಹೊರ್ಗಡೆ ಮಡಗ್ಬುಟ್ಟು, ಕೈ ತೊಳ್ಕಂಡು ಬಾ.’ ಊರೆಲ್ಲ ಸುತ್ತಿ ಬಂದ ವಸ್ತು ಹುಳುವಿನ ಮನೆಗೆ ಬರಬಾರದು ಎಂಬುದು ಅವಳ ಮಡಿ, ಮತ್ತು ಅದು ಸರಿಯಾದ ಮಡಿ. ಸೋಂಕು ಹರಡುವುದು ಹಾಗೆಯೇ. ಸುಣ್ಣ ಮೆತ್ತಿದ ಬೆರಳಿಗೆ ಟಚ್ ಸ್ಕ್ರೀನ್ ಒಲಿಯುವುದೂ ಇಲ್ಲ. ಸೀಮೆಸುಣ್ಣಕ್ಕೆ ಈ ಯಾವ ತಕರಾರೂ ಇಲ್ಲ.

ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ ಬರೆದು ಕೆಲಸ ನಡೆಸುವುದು ನಮ್ಮ ನಾಡಿಗೆ ಹೊಸದಲ್ಲ. ಹಳೆಯ ಮೈಸೂರಿನ ಶಾನುಭೋಗರೂ ವರ್ತಕರೂ ಕಡತ ಇಟ್ಟುಕೊಳ್ಳುತ್ತಿದ್ದರು. ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಮಾಡಿದ ಪುಸ್ತಕ ಅದು. ಬರೆಯುವುದು ಬಳಪದಲ್ಲಿ. ಬೇಡವಾದದ್ದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸದ ಪುಸ್ತಕದಲ್ಲಿ ಈ ಕಡತವನ್ನು ಬಹಳ ಆಸಕ್ತಿಯಿಂದ ವರ್ಣಿಸಿದ್ದಾನೆ. ಬರೆ, ಕೆಲಸ ಮುಗಿಸು, ಒರೆಸು, ಮತ್ತೆ ಬರೆ. ದೊಡ್ಡಮ್ಮನ ಬಾಗಿಲಲ್ಲಿ ನಡೆಯುವುದೂ ಇದೇ.

ಹಾಗೆಂದು ಈ ಸೀಮೆ ಬರಹವನ್ನೇ ನಂಬಿದ ಸೀಮೆ ಅಂತಲೂ ಅಲ್ಲ. ಮಾದಪ್ಪನ ಬೆಟ್ಟದ ದೇವರಗುಡ್ಡರು ಕಂಸಾಳೆ ಹಿಡಿದು ಕೂತರೆ ರಾತ್ರಿಯಿಂದ ಬೆಳಗಿನವರೆಗೆ ಮಹದೇಶ್ವರನ ಕಥೆ ಹಾಡುತ್ತಾರೆ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಶ್ರವಣದೊರೆಯ ಸಾಲು. ಎದುರಿಗೆ ಒಂದು ಚೂರು ಕಾಗದವಿರುವುದಿಲ್ಲ. ಗುರುವಿನ ಬಾಯಿಂದ ಕೇಳಿ, ವರ್ಷಗಟ್ಟಲೆ ಹಾಡಿ, ಮೈಯೊಳಗೆ ಇಳಿಸಿಕೊಂಡದ್ದು ಅದು. ಅಂಥ ನೆನಪಿನ ಮುಂದೆ ನಾನು ಕೈಮುಗಿಯುತ್ತೇನೆ. ಆದರೆ ಸಂಕಮ್ಮನ ಕಥೆ ಜೀವಮಾನವಿಡೀ ಹಾಡುವಂಥದ್ದು, ಹಾಡಿದಷ್ಟೂ ಗಟ್ಟಿಯಾಗುತ್ತದೆ. ನಾಳೆಯ ಸ್ಟಾರ್ಟರ್ ರಿಪೇರಿ ನಾಳೆ ಸಂಜೆಗೆ ಮುಗಿದು ಹೋಗುತ್ತದೆ. ಅದಕ್ಕೆ ನೆನಪಿನ ಒಳಮನೆಯಲ್ಲಿ ಜಾಗ ಕೊಡಬೇಕಾಗಿಲ್ಲ. ಹೊಡೆದುಹಾಕಬಹುದಾದದ್ದಕ್ಕೆ ಚೀಟಿಯೇ ಸರಿಯಾದ ಜಾಗ.

ಚೀಟಿ ಸಣ್ಣ ಕೆಲಸಕ್ಕೆ ಮಾತ್ರ ಎಂದು ಯಾರೂ ತಿಳಿಯಬಾರದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಹುಟ್ಟಿದ್ದು ಚೀಟಿಗಳಿಂದಲೇ. ಶಾಸನಗಳಿಂದ, ಕಾವ್ಯಗಳಿಂದ, ಹೊಸಗನ್ನಡದ ಪುಸ್ತಕಗಳಿಂದ ಒಂದೊಂದು ಪದವನ್ನೂ ಅದರ ಪ್ರಯೋಗವನ್ನೂ ಕೈಯಲ್ಲಿ ಬರೆದು, ಅಕಾರಾದಿಯಾಗಿ ಜೋಡಿಸಿ ಕಟ್ಟಿದ್ದು ಅದು. ಮೊದಲ ಸಂಪುಟ ಬಂದದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಪ್ರಧಾನ ಸಂಪಾದಕರಾಗಿ ಆ ಕೆಲಸಕ್ಕೆ ಹೆಗಲು ಕೊಟ್ಟ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿ 2021ರವರೆಗೆ ನಮ್ಮೊಡನಿದ್ದರು. ಅಷ್ಟು ದೊಡ್ಡ ಭಾಷೆಯ ಅಷ್ಟೊಂದು ಪದಗಳು ಒಂದೊಂದು ಚೀಟಿಯ ಅಳತೆಗೆ ಇಳಿದದ್ದರಿಂದಲೇ ಮನುಷ್ಯರ ಕೈಗೆ ಸಿಕ್ಕಿದವು ಎಂದು ನನಗೆ ಅನ್ನಿಸುತ್ತದೆ.

ಯಂತ್ರದ ಮೇಲೆ ನನಗೆ ಮುನಿಸಿಲ್ಲ. ಪಹಣಿಯ ವಿಷಯವನ್ನೇ ನೋಡಿ. ಕೈಬರಹದ ಪಹಣಿ ಇದ್ದ ಕಾಲದಲ್ಲಿ ರೈತ ಒಂದು ನಕಲಿಗೆ ಎಷ್ಟು ಸಲ ಅಲೆಯಬೇಕಿತ್ತು, ಒಂದು ಅಕ್ಷರ ತಿದ್ದಿದರೆ ಯಾರ ಹೊಲ ಯಾರ ಹೆಸರಿಗೆ ಹೋಗುತ್ತಿತ್ತು ಎಂಬುದು ಹಳ್ಳಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ‘ಭೂಮಿ’ ಯೋಜನೆಯಲ್ಲಿ 2002ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಬಹಳ ಒಳ್ಳೆಯದಾಯಿತು. ಹಕ್ಕಿನ ದಾಖಲೆ ಯಾರ ಕೈಗೂ ಸುಲಭಕ್ಕೆ ಸಿಗದಂತೆ ಭದ್ರವಾಗಿರಬೇಕು. ನಾಳೆಯ ಕೆಲಸದ ಪಟ್ಟಿ ಮಾತ್ರ ನನ್ನ ಕೈಗೆ ಸಿಗುವಂತಿರಬೇಕು, ತಿದ್ದಲಿಕ್ಕೆ ಬರುವಂತಿರಬೇಕು, ಮುಗಿದ ಮೇಲೆ ಅಡ್ಡಗೀಟು ಎಳೆಯುವಂತಿರಬೇಕು. ಫೋನು ಊರೂರಿಗೆ ಮಾತು ಮುಟ್ಟಿಸಲಿ, ದುಡ್ಡು ಕಳಿಸಲಿ, ಮಳೆಯ ಮುನ್ಸೂಚನೆ ಹೇಳಲಿ. ನಾಳೆ ನಾನು ಏನು ಮಾಡಬೇಕೆಂಬುದನ್ನು ನಿರ್ಧರಿಸುವಾಗ ಮಾತ್ರ ಅದು ಪಕ್ಕದ ಕೋಣೆಯಲ್ಲಿರಲಿ.

ಕೈಬರಹವೂ ಫೋನೂ ಹೇಗೆ ಜೊತೆಯಾಗಿ ಬಾಳಬಹುದೆಂದು ತಿಳಿಯಲು ನಮ್ಮ ಕಡೆಯ ಒಂದು ಮದುವೆಗೆ ಬರಬೇಕು. ಸಾಮಾನಿನ ಪಟ್ಟಿ ಬರೆಯಲು ಮನೆಯ ಹಿರಿಯರು ಚಾಪೆಯ ಮೇಲೆ ಕೂರುತ್ತಾರೆ. ಮೊದಲ ಸಾಲು ಅರಿಶಿನ. ಯಾವ ಶುಭಕಾರ್ಯದ ಪಟ್ಟಿಯೂ ಅದರಿಂದಲೇ ಶುರುವಾಗಬೇಕು. ಅಡುಗೆಯವರು ಎಲೆಯ ಲೆಕ್ಕದಲ್ಲಿ ಹೇಳುತ್ತ ಹೋಗುತ್ತಾರೆ, ಓದಿದ ಹುಡುಗಿಯೊಬ್ಬಳು ಬರೆಯುತ್ತ ಹೋಗುತ್ತಾಳೆ. ಬೆಲ್ಲ, ಬೇಳೆ, ಎಣ್ಣೆ. ನಡುವೆ ಅಜ್ಜಿಯೊಬ್ಬಳು ‘ಆವತ್ತು ನಮ್ಮ ದೊಡ್ಡವನ ಮದುವೇಲಿ ಬೇಳೆ ಸಾಲ್ದೆ ಹೋಯ್ತು’ ಅನ್ನುತ್ತಾಳೆ, ಬೇಳೆಯ ಮುಂದಿನ ಅಂಕಿ ಬದಲಾಗುತ್ತದೆ. ಬರೆದು ಮುಗಿಯುವಷ್ಟರಲ್ಲಿ ಮದುವೆ ಅರ್ಧ ಮುಗಿದ ಹಾಗೆ. ಆಮೇಲೆ ಅದರ ಫೋಟೊ ತೆಗೆದು ಅಂಗಡಿಗೆ ಕಳಿಸುತ್ತಾರೆ. ಬರೆದದ್ದು ಕೈ, ಮುಟ್ಟಿಸಿದ್ದು ಫೋನು.

ಮುಹೂರ್ತದ ದಿನ ಚಪ್ಪರದ ಪಕ್ಕ ಇಬ್ಬರು ಮುಯ್ಯಿ ಪುಸ್ತಕ ಹಿಡಿದು ಕೂರುತ್ತಾರೆ. ಒಬ್ಬರು ದುಡ್ಡು ಎಣಿಸುವುದು, ಒಬ್ಬರು ಬರೆಯುವುದು. ಈಗ ಮೇಜಿನ ಮೇಲೆ ಕ್ಯೂಆರ್ ಕೋಡಿನ ಹಾಳೆಯೂ ಇರುತ್ತದೆ. ಸ್ಕ್ಯಾನ್ ಮಾಡಿ ದುಡ್ಡು ಹಾಕಿದವರೂ ಪುಸ್ತಕದಲ್ಲಿ ಹೆಸರು ಬಂದದ್ದನ್ನು ಕಣ್ಣಾರೆ ನೋಡಿಯೇ ಊಟಕ್ಕೆ ಹೋಗುವುದು. ಬ್ಯಾಂಕಿನ ಮೆಸೇಜಿನಲ್ಲಿ ಬರೀ ಹೆಸರು, ಮೊತ್ತ. ಪುಸ್ತಕದಲ್ಲಾದರೆ ಮೊದಲು ಊರು, ಆಮೇಲೆ ಹೆಸರು, ಆಮೇಲೆ ಇಂಥವರ ಅಳಿಯ, ಇಂಥವರ ಬೀಗರು. ಮುಂದೆ ಆ ಮನೆಯಿಂದ ಲಗ್ನಪತ್ರಿಕೆ ಬಂದ ದಿನ ಟ್ರಂಕಿನಿಂದ ಪುಸ್ತಕ ತೆಗೆದು ನೋಡಿ, ಎಷ್ಟು ಮುಯ್ಯಿ ತೀರಿಸಬೇಕೆಂದು ತೀರ್ಮಾನಿಸುತ್ತಾರೆ. ಹತ್ತಾರು ವರ್ಷಗಳ ಕೊಡುಕೊಳೆಯನ್ನು ಮುಂದಾಗಿ ಬರೆದಿಟ್ಟ ಯೋಜನೆ ಅದು. ನಡೆಸುವವರು ಇರುವ ತನಕ ಅದು ನಡೆಯುತ್ತದೆ.

ಓದುಗರಲ್ಲಿ ನನ್ನ ಕೋರಿಕೆ ಸಣ್ಣದು. ದುಬಾರಿ ಡೈರಿ ಬೇಡ, ಬಣ್ಣದ ಪೆನ್ನು ಬೇಡ, ಅಕ್ಷರ ದುಂಡಗಿರಬೇಕೆಂದೂ ಇಲ್ಲ. ಅಂಗೈ ಅಗಲದ ಒಂದು ಕಾಗದ ಸಾಕು. ಇವತ್ತು ರಾತ್ರಿ ಐದು ನಿಮಿಷ ಕೂತು ನಾಳೆಯ ಕೆಲಸಗಳನ್ನು ನಿಮ್ಮ ಕೈಯಾರೆ ಬರೆಯಿರಿ. ಆರು ಸಾಲಿಗಿಂತ ಮುಂದೆ ಹೋಗಬೇಡಿ. ನಾಳೆ ಸಂಜೆ ಮುಗಿದದ್ದಕ್ಕೆ ಗೀಟು ಎಳೆಯಿರಿ, ಉಳಿದದ್ದನ್ನು ಹೊಸ ಚೀಟಿಗೆ ಇಳಿಸಿ. ಒಂದೇ ಕೆಲಸವನ್ನು ನಾಲ್ಕು ದಿನ ಹಾಗೆ ಇಳಿಸುತ್ತಲೇ ಇದ್ದೀರಿ ಎಂದಾದರೆ, ಐದನೇ ದಿನ ಬೆಳಗ್ಗೆ ಎದ್ದ ಕೂಡಲೇ ಅದನ್ನೇ ಮಾಡಿ ಮುಗಿಸಿ. ಇಲ್ಲವಾದರೆ ಅದು ಬೇಡದ ಕೆಲಸವೆಂದು ತಿಳಿದು ಬಿಟ್ಟುಬಿಡಿ.