ದುಃಖಕ್ಕೆ ಅಂಕ, ಸಂಕಟಕ್ಕೆ?

ಮನಸ್ಸನ್ನು ತಕ್ಕಡಿಗೆ ಹಾಕುವುದು ಬೇಳೆ ಬೆಲ್ಲ ತೂಗಿದಷ್ಟು ಸುಲಭವಲ್ಲ. ಆದರೂ ತೂಗದೆ ವಿಧಿಯಿಲ್ಲ. ಖಿನ್ನತೆಗೆ ಕೊಟ್ಟ ಮದ್ದು ನಾಟಿತೋ ಇಲ್ಲವೋ ಎಂದು ಹೇಳಬೇಕಾದರೆ ಏನನ್ನಾದರೂ ಅಳೆಯಲೇಬೇಕಷ್ಟೆ. ಏನನ್ನು ಎಂಬಲ್ಲಿಯೇ ತೊಡಕು.

೧೯೬೦ರಲ್ಲಿ ಇಂಗ್ಲೆಂಡಿನ ಲೀಡ್ಸಿನ ವೈದ್ಯ ಮ್ಯಾಕ್ಸ್ ಹ್ಯಾಮಿಲ್ಟನ್ ಒಂದು ಪಟ್ಟಿಯನ್ನು ಪ್ರಕಟಿಸಿದರು. ಸಂಶೋಧಕರು ಇಂದಿಗೂ ಅದರ ಕೈಬಿಟ್ಟಿಲ್ಲ. ಅದರಲ್ಲಿ ೧೭ ಬಾಬುಗಳು, ಒಟ್ಟು ೫೨ ಅಂಕ. ಅಂಕ ಏರಿದಷ್ಟೂ ಕಾಯಿಲೆ ಹೆಚ್ಚು. ಏಳಕ್ಕೆ ಇಳಿದರೆ ಗುಣವಾಯಿತೆಂದು ಲೆಕ್ಕ. ನಿದ್ರೆಯೊಂದಕ್ಕೇ ಮೂರು ಬಾಬು: ಹಾಸಿಗೆ ಸೇರಿದರೂ ಕಣ್ಣು ಹತ್ತದಿರುವುದು, ನಡುರಾತ್ರಿ ಎಚ್ಚರವಾಗುವುದು, ನಸುಕಿಗೇ ಎದ್ದು ಕೂರುವುದು. ಮೂರೂ ಸೇರಿ ಆರು ಅಂಕ. ಬದುಕೇ ಬೇಡವೆನ್ನುವ ಯೋಚನೆಗೆ ನಾಲ್ಕೇ! ಇಂಗ್ಲೆಂಡಿನ ನೈಸ್ ಸಂಸ್ಥೆ ೨೦೦೪ರಲ್ಲಿ, ಮದ್ದಿಗೂ ಹುಸಿಗುಳಿಗೆಗೂ ನಡುವೆ ಮೂರು ಅಂಕಗಳ ಅಂತರವಿದ್ದರೆ ಅದು ಗಣನೀಯ ಎಂದಿತು. ಹಾಗಾದರೆ ಬರಿಯ ಜೊಂಪು ಹತ್ತಿಸುವ ಮಾತ್ರೆಯೂ ಪರೀಕ್ಷೆಯಲ್ಲಿ ಪಾಸಾದೀತು. ಇದರಲ್ಲಿ ಹ್ಯಾಮಿಲ್ಟನ್ನರ ತಪ್ಪೇನಿಲ್ಲ, ಪಾಪ. ಖಿನ್ನತೆಯೆಂದು ಮೊದಲೇ ಗೊತ್ತಾದವರ ಕಾಯಿಲೆ ಎಷ್ಟಿದೆಯೆಂದು ನೋಡಲು ಅವರು ಮಾಡಿಕೊಂಡ ಕೋಲು ಅದು.

ನಮ್ಮ ಬಳಗದ ಹಿರಿಯರೊಬ್ಬರಿಗೆ ಈ ಕಾಯಿಲೆ ಬಂದಿತ್ತು. ಚಿಕಿತ್ಸೆಯಿಂದ ನಿದ್ರೆ ಬಂತು, ಊಟ ಸೇರಿತು, ಮೈ ತುಂಬಿಕೊಂಡಿತು. ಎಲ್ಲರಿಗೂ ಸಮಾಧಾನ. ಹಬ್ಬಕ್ಕೆ ಮೊಮ್ಮಗಳು ಬಂದು ಮಡಿಲೇರಿದ್ದಳು. ಆಮೇಲೆ ಅವರು ನನ್ನೊಬ್ಬನಿಗೆ ಕೇಳಿಸುವಂತೆ ಹೇಳಿದರು: “ಮಗು ಕೂತರೆ ಭಾರ ಗೊತ್ತಾಗುತ್ತೆ ಕಣಯ್ಯ, ಅಷ್ಟೇ.” ಇದನ್ನು ಯಾವ ಬಾಬಿನಲ್ಲಿ ಬರೆದುಕೊಳ್ಳೋಣ?

ಅನುಭವಿಸಿದವರನ್ನೇ ಕೇಳಿ ನೋಡಿದವರಿದ್ದಾರೆ. ೨೦೨೦ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ರೋಗಿಗಳು, ಮನೆಯವರು, ವೈದ್ಯರು ಎಲ್ಲ ಸೇರಿ ಮೂರು ಸಾವಿರಕ್ಕೂ ಮಿಕ್ಕ ಜನ ತಮಗೆ ಯಾವುದು ಮುಖ್ಯವೆಂದು ಹೇಳಿದರು. ವಿಂಗಡಿಸಿದರೆ ೮೦ ವಿಷಯಗಳಾದವು. ಮನಸ್ಸಿನ ನೋವು ಅವುಗಳಲ್ಲೊಂದು. ನಮ್ಮ ಹೆಂಗಸರು ‘ಸಂಕಟ’ ಎನ್ನುವುದು ಇದನ್ನೇ ಇರಬೇಕು. ದುಃಖಕ್ಕೂ ಸಂಕಟಕ್ಕೂ ಇರುವ ಭೇದ ಅವರಿಗೆ ಚೆನ್ನಾಗಿ ಗೊತ್ತು. ಹ್ಯಾಮಿಲ್ಟನ್ನರ ಪಟ್ಟಿಯಲ್ಲಿ ದುಃಖಕ್ಕೆ ಜಾಗವುಂಟು, ಸಂಕಟಕ್ಕೆ ಬೇರೆ ಬಾಬಿಲ್ಲ.

ಹಾಗೆಂದು ಎಂಬತ್ತನ್ನೂ ಅಳೆಯುವಂತಿಲ್ಲ. ಏಳುವುದಕ್ಕೇ ತ್ರಾಣವಿಲ್ಲದವರ ಮುಂದೆ ಅಷ್ಟು ಪ್ರಶ್ನೆ ಹರವುವುದು ಶಿಕ್ಷೆ. ಅಲ್ಲದೆ ಎಂಬತ್ತು ಗದ್ದೆಗಳಿರುವ ಜಮೀನ್ದಾರ ಬೆಳೆ ಬಂದದ್ದನ್ನು ಮಾತ್ರ ನೆಂಟರಿಗೆ ತೋರಿಸುತ್ತಾನೆ. ಆದ್ದರಿಂದ ಕೆಲವನ್ನೇ ಆರಿಸಿ, ಬಿತ್ತುವ ಮೊದಲೇ ಸಾರಿಬಿಡಬೇಕು. ಆರಿಸುವ ಅಧಿಕಾರ ನನಗೆ ಬಂದರೆ ನಿದ್ರೆಗೆ ಒಂದೇ ಬಾಬು. ಉಳಿಯುವ ಎರಡರಲ್ಲಿ ಒಂದನ್ನು ಸಂಕಟಕ್ಕೂ ಇನ್ನೊಂದನ್ನು ಮಡಿಲಿಗೆ ಬಂದ ಮಗುವಿಗೂ ಕೊಡುತ್ತೇನೆ.